ಆಟಿಯ ಸೊಪ್ಪೂ ಅಣ್ಣನ ರಕ್ತವೂ

ನಮ್ಮಮ್ಮ ಬೆಂಗಳೂರಿನ ಡಾಕ್ಟರಿಗೆ ಬೈದರು.

ಗುಟ್ಟಾಗಿ ಅಲ್ಲ. ಫೋನಿನಲ್ಲಿ, ಸ್ಪೀಕರ್ ಆನ್ ಮಾಡಿ, ಮನೆಮಂದಿಯೆಲ್ಲ ಸುತ್ತ ನಿಂತಿರುವಾಗ.

“ಅಲ್ಲ ಡಾಕ್ಟ್ರೇ, ನನ್ನ ಮಗ ಲಡ್ಡು ತಿಂದ್ರೆ ಅಡ್ಡಿ ಇಲ್ಲ, ಹರಿವೆ ಸೊಪ್ಪು ತಿಂದ್ರೆ ಅಪಾಯ ಅಂತ ಹೇಳ್ತೀರಲ್ಲ, ನೀವು ಕಲ್ತದ್ದು ಎಲ್ಲಿ?”

ಆ ಕಡೆ ಇದ್ದ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ದೊಡ್ಡ ಆಸ್ಪತ್ರೆಯವರು. ಒಬ್ಬರ ಅಂಗವನ್ನು ಇನ್ನೊಬ್ಬರ ಹೊಟ್ಟೆಯಲ್ಲಿ ಕೂರಿಸಿ, ಅದು ಮುನಿಸಿಕೊಳ್ಳದ ಹಾಗೆ ನೋಡಿಕೊಳ್ಳುವ ತಂಡದಲ್ಲಿ ಇರುವವರು. ಅವರ ಕಲಿಕೆಯ ಬಗ್ಗೆ ಬೆಳ್ತಂಗಡಿಯಿಂದ ಇಂಥ ಪ್ರಶ್ನೆ ಬಂದೀತೆಂದು ಅವರು ಎಣಿಸಿರಲಿಕ್ಕಿಲ್ಲ.

ನಾನು ಅಮ್ಮನ ಕೈಯಿಂದ ಫೋನ್ ಕಸಿದುಕೊಳ್ಳಲು ನೋಡಿದೆ. ಆಗಲಿಲ್ಲ. (ಎಪ್ಪತ್ತು ದಾಟಿದ ಅಮ್ಮನ ಕೈಯಿಂದ ಫೋನ್ ಕಸಿದುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಟೆಕ್ನಿಕ್ ಕಲಿಯಬೇಕು.)

ನ್ಯಾಯವಾಗಿ ಹೇಳುವುದಾದರೆ, ಅಮ್ಮನ ಸಿಟ್ಟಿಗೆ ಕಾರಣ ಇತ್ತು. ಅದನ್ನು ಮೊದಲು ಹೇಳುತ್ತೇನೆ.

ನಮ್ಮಣ್ಣ ಸದಾನಂದನಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ಮಕ್ಕಳಿಗೆ ಬರುವಂಥದ್ದು. ಇನ್ಸುಲಿನ್ ಸೂಜಿ ಇಲ್ಲದೆ ಒಂದು ದಿನವೂ ದಾಟದ ಜಾತಿಯದ್ದು. ಅಂಥವನು ದೊಡ್ಡವನಾಗಿ ಏನು ಮಾಡಿದ? ಬೆಳ್ತಂಗಡಿಯಲ್ಲಿ ಬೇಕರಿ ಹಾಕಿದ.

ಕೇಳಿದವರೆಲ್ಲ ನಕ್ಕರು. ಅವನೂ ನಕ್ಕ. ಊರಿಗೆಲ್ಲ ಸಿಹಿ ಮಾರುತ್ತಿದ್ದ ಮನುಷ್ಯ ತಾನು ಲಡ್ಡು ತಿನ್ನುತ್ತಿದ್ದದ್ದು ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆ ಬಂದಾಗ ಮಾತ್ರ. ಬೆವರುತ್ತಾ, ಕೈ ನಡುಗಿಸುತ್ತಾ, ಗಿರಾಕಿಗಳಿಗೆ ಬೆನ್ನು ಹಾಕಿ ಗಬಗಬನೆ ನುಂಗುತ್ತಿದ್ದ. ಲಡ್ಡು ಅವನಿಗೆ ಔಷಧಿ. ರುಚಿ ನೋಡುವಷ್ಟು ಪುರುಸೊತ್ತು ಆ ಹೊತ್ತಿನಲ್ಲಿ ಯಾರಿಗಿರುತ್ತದೆ?

ಹಾಗಾದರೆ ಊಟ ಯಾವುದು? ಸೊಪ್ಪು.

ಪಾಯಸ ಕೊಡಲಾಗದ ಮಗನಿಗೆ ಅಮ್ಮ ಬಸಳೆ ಕೊಟ್ಟರು. ಹೋಳಿಗೆ ಕೊಡಲಾಗದ ಮಗನಿಗೆ ಹರಿವೆ ಕೊಟ್ಟರು. ನಮ್ಮ ತಟ್ಟೆಗೆ ಕೇಸರಿಬಾತ್ ಬೀಳುವಾಗ ಅವನ ತಟ್ಟೆಗೆ ಒಂದೆಲಗ ಸೊಪ್ಪಿನ ತಂಬುಳಿ ಬೀಳುತ್ತಿತ್ತು. ನೆಂಟರು, ನೆರೆಯವರು ಎಲ್ಲರೂ ಅದನ್ನೇ ಕಲಿತರು. ಸದಾನಂದನಿಗೆ ಪ್ರೀತಿ ತೋರಿಸಬೇಕೇ? ಒಂದು ಕಟ್ಟು ಸೊಪ್ಪು ತನ್ನಿ. ಅವನ ಮದುವೆಗೂ ಒಬ್ಬ ಮಾವ ಬಸಳೆಯ ಬಳ್ಳಿ ತಂದಿದ್ದರು. (ಗಿಫ್ಟ್ ಪೇಪರ್ ಸುತ್ತಿರಲಿಲ್ಲ, ಅಷ್ಟೇ.)

ಕೊನೆಗೆ ಅವನ ಕಿಡ್ನಿಗಳೂ ಕೈಕೊಟ್ಟವು. ಡಯಾಲಿಸಿಸ್, ಕಾಯುವಿಕೆ, ಮತ್ತೆ ಡಯಾಲಿಸಿಸ್. ಈ ವರ್ಷ ಬೇಸಿಗೆಯಲ್ಲಿ ಬೆಂಗಳೂರಿನಿಂದ ಕರೆ ಬಂತು. ಕಿಡ್ನಿ ಮತ್ತು ಪ್ಯಾಂಕ್ರಿಯಾಸ್ ಎರಡನ್ನೂ ಒಟ್ಟಿಗೆ ಟ್ರಾನ್ಸ್‌ಪ್ಲಾಂಟ್ ಮಾಡಿದರು. (ಪ್ಯಾಂಕ್ರಿಯಾಸ್‌ಗೆ ಕನ್ನಡದಲ್ಲಿ ಮೇದೋಜೀರಕ ಗ್ರಂಥಿ ಎಂಬ ಚಂದದ ಹೆಸರುಂಟು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರಿಗೆ ಹಾಗೆಂದೆ. ಅವರು ನನ್ನನ್ನು ಸಂಸ್ಕೃತದ ಮೇಡಂ ಅಂದುಕೊಂಡರು. ನಾನು ಪಾಠ ಮಾಡುವುದು ಕಾಮರ್ಸ್.)

ಕೊಟ್ಟವನು ಒಬ್ಬ ಹುಡುಗ. ಅಪಘಾತವಂತೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಹೇಳುವ ಕ್ರಮವೂ ಇಲ್ಲವಂತೆ.

ಅಮ್ಮನಿಗೆ ಅರ್ಥವಾಗದೆ ಉಳಿದದ್ದು ಒಂದೇ. ಹಳೆಯ ಕಿಡ್ನಿಗಳನ್ನೂ ಹಳೆಯ ಪ್ಯಾಂಕ್ರಿಯಾಸನ್ನೂ ಡಾಕ್ಟರು ತೆಗೆಯಲಿಲ್ಲ. ಅವು ಇದ್ದಲ್ಲೇ ಇವೆ, ಹೊಸದನ್ನು ಕೆಳಹೊಟ್ಟೆಯಲ್ಲಿ ಕೂರಿಸಿದ್ದಾರೆ. “ಹಾಳಾದ ಮಿಕ್ಸಿಯನ್ನು ಅಟ್ಟದಲ್ಲಿ ಇಟ್ಟದ್ದಕ್ಕೆ ನನಗೆ ಬೈತೀರಲ್ಲ, ಡಾಕ್ಟ್ರು ಮಾಡಿದ್ದು ಎಂಥ?” ಎಂದು ಅಮ್ಮ ಕೇಳಿದರು. ಅಂದಿನಿಂದ ನಮ್ಮ ಮನೆಯ ಅಟ್ಟದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆಪರೇಷನ್ ಆದ ಮೇಲೆ ಅಣ್ಣನಿಗೆ ಸೂಜಿ ಬೇಡವಾಯಿತು. ಇದನ್ನು ಬರೆಯುವಾಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಬಾಲ್ಯದಿಂದ ಚುಚ್ಚಿಸಿಕೊಂಡ ಮನುಷ್ಯ ಊಟ ಮಾಡಿ ಕೈ ತೊಳೆದು ಸುಮ್ಮನೆ ಎದ್ದು ಹೋಗುತ್ತಾನೆ, ನಮ್ಮ ನಿಮ್ಮ ಹಾಗೆ!

ಆದರೆ ಅದಕ್ಕೂ ಮೊದಲು ಒಂದು ಗಂಡಾಂತರ ದಾಟಬೇಕಾಯಿತು.

ಪ್ಯಾಂಕ್ರಿಯಾಸ್ ಸೂಕ್ಷ್ಮದ ವಸ್ತು. ಅದರೊಳಗೆ ರಕ್ತ ಓಡುವುದು ನಿಧಾನ. ಹೊಸ ಜಾಗ, ಹೊಸ ಹೊಲಿಗೆ, ನಿಧಾನದ ಓಟ. ಇವೆಲ್ಲ ಸೇರಿದರೆ ರಕ್ತ ಅಲ್ಲೇ ಗಟ್ಟಿಯಾಗಿ ನಾಳ ಕಟ್ಟಿಕೊಳ್ಳಬಹುದು. ಪೂರ್ತಿ ಕಟ್ಟಿಕೊಂಡರೆ ಹೊಸ ಅಂಗ ಹೋಯಿತೆಂದೇ ಲೆಕ್ಕ. ಮೊದಲ ಕೆಲವು ದಿನಗಳೇ ಹೆಚ್ಚು ಅಪಾಯದವು. ಅದಕ್ಕೇ ಆಸ್ಪತ್ರೆಯಲ್ಲಿ ಅಣ್ಣನ ಕಾಲುಗಳಿಗೆ ಗಾಳಿ ತುಂಬಿ ಹಿಂಡುವ ಪಟ್ಟಿ ಕಟ್ಟಿದ್ದರು. ರಕ್ತ ತೆಳುಮಾಡುವ ಔಷಧಿಯನ್ನು ಹನಿಹನಿಯಾಗಿ ಕೊಡುತ್ತಿದ್ದರು. ನೋವಿನಲ್ಲಿ ನರಳುವವನನ್ನು ಎಬ್ಬಿಸಿ ವರಾಂಡದಲ್ಲಿ ನಡೆಸುತ್ತಿದ್ದರು. ನಡೆಸಿದ ಸಿಸ್ಟರ್ ಮೇಲೆ ಅಮ್ಮನಿಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಬೆಳಿಗ್ಗೆ ಅವನ ಸಕ್ಕರೆ ಇದ್ದಕ್ಕಿದ್ದಂತೆ ಏರಿತು. ಡಾಕ್ಟರಮ್ಮ ಓಡಿ ಬಂದರು. ಸ್ಕ್ಯಾನ್ ಆಯಿತು. ಹೊಸ ಪ್ಯಾಂಕ್ರಿಯಾಸಿನ ನಾಳದಲ್ಲಿ ಸಣ್ಣದೊಂದು ಗಡ್ಡೆ. ಬೇಗ ಸಿಕ್ಕಿದ್ದರಿಂದ ಔಷಧಿಯಲ್ಲೇ ಹತೋಟಿಗೆ ಬಂತು. ಆದರೆ ಇನ್ನು ಕೆಲವು ತಿಂಗಳು ರಕ್ತ ತೆಳುಮಾಡುವ ಮಾತ್ರೆ ತಪ್ಪಿಸುವಂತಿಲ್ಲ, ವಾರಕ್ಕೊಮ್ಮೆ ಊರಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಕಳಿಸಬೇಕು ಎಂದರು. ಆ ರಿಪೋರ್ಟಿನಲ್ಲಿ ಐಎನ್‌ಆರ್ ಎಂಬುದೊಂದು ಸಂಖ್ಯೆ ಇರುತ್ತದೆ. ಅಣ್ಣನಿಗೆ ಅದು ಎರಡಕ್ಕೂ ಮೂರಕ್ಕೂ ನಡುವೆ ಇರಬೇಕು. ಕೆಳಗಿಳಿದರೆ ರಕ್ತ ಗಟ್ಟಿಯಾಗುವ ಭಯ. ಮೇಲೇರಿದರೆ ಎಲ್ಲೆಂದರಲ್ಲಿ ರಕ್ತ ಸೋರುವ ಭಯ.

ಅಣ್ಣ ಊರಿಗೆ ಬಂದ. ಮೊದಲ ಕೆಲಸವಾಗಿ ಡಾಕ್ಟರರ ಒಪ್ಪಿಗೆ ಕೇಳಿ, ತನ್ನದೇ ಬೇಕರಿಯ ಅರ್ಧ ಲಡ್ಡನ್ನು ಕುರ್ಚಿಯಲ್ಲಿ ಕೂತು, ನಿಧಾನವಾಗಿ, ನಡುಗದ ಕೈಯಲ್ಲಿ ತಿಂದ. ನಾವೆಲ್ಲ ಕಣ್ಣು ಒರೆಸಿಕೊಳ್ಳಲು ಸಿದ್ಧರಾಗಿ ನಿಂತಿದ್ದೆವು. ಅವನು ಬಾಯಿ ಚಪ್ಪರಿಸಿ ಹೇಳಿದ: “ಏಲಕ್ಕಿ ಜಾಸ್ತಿ ಆಗಿದೆ. ಇಷ್ಟು ವರ್ಷ ಯಾರಿಗೂ ಒಂದು ಮಾತು ಹೇಳ್ಬೇಕು ಅಂತ ಆಗ್ಲಿಲ್ವಾ ಮಾರಾಯ್ರೆ?”

ಎಲ್ಲ ಸರಿ ಇತ್ತು. ಆಟಿ ಶುರುವಾಗುವ ತನಕ.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಹಿಂದೆಲ್ಲ ಮನೆಯಲ್ಲಿ ಅಕ್ಕಿ ತಳ ಕಂಡು, ಹೊರಗೆ ಕೆಲಸವಿಲ್ಲದೆ, ಹಿತ್ತಲಲ್ಲಿ ತಾನಾಗಿ ಹುಟ್ಟಿದ ಸೊಪ್ಪು ತಿಂದು ದಿನ ದೂಡುವ ಕಷ್ಟಕಾಲ. ಈಗ ಕಷ್ಟ ಹೋಗಿದೆ. ಸೊಪ್ಪು ಉಳಿದಿದೆ. ಉಳಿದದ್ದು ಮಾತ್ರವಲ್ಲ, ಅದಕ್ಕೆ ಪ್ರಮೋಷನ್ ಸಿಕ್ಕಿದೆ! ಪ್ರತಿ ಕ್ಲಬ್ಬು, ಪ್ರತಿ ಸಂಘ, ಪ್ರತಿ ಕಾಲೇಜು ‘ಆಟಿಡೊಂಜಿ ದಿನ’, ಅಂದರೆ ಆಟಿಯಲ್ಲೊಂದು ದಿನ, ಎಂದು ಕಾರ್ಯಕ್ರಮ ಮಾಡುತ್ತದೆ. ಸ್ಟೇಜಿನ ಮೇಲೆ ಹಿಂದಿನವರ ಹಸಿವಿನ ಬಗ್ಗೆ ಭಾಷಣ. ಸ್ಟೇಜಿನ ಕೆಳಗೆ ಬಫೆ. ಭಾಷಣ ಮಾಡಿದವರು ಮೊದಲು ತಟ್ಟೆ ಹಿಡಿಯಬೇಕು. (ನನಗೆ ಈ ಆಟಿಯಲ್ಲಿ ಬಂದ ಭಾಷಣದ ಕರೆಗಳ ಲೆಕ್ಕ ಹೇಳಿದರೆ ನನ್ನ ಸೊಂಟದ ಅಳತೆಯನ್ನೂ ಹೇಳಬೇಕಾದೀತು.)

ಅಂದರೆ ಆಟಿಯಲ್ಲಿ ಎಲ್ಲರ ಮನೆಯಲ್ಲೂ ಸೊಪ್ಪು. ಅಣ್ಣನಿಗೆ ಸೊಪ್ಪೆಂದರೆ ಎಲ್ಲರ ಪ್ರೀತಿ. ಇನ್ನೇನಾದೀತು?

ಐಎನ್‌ಆರ್ ಬಿತ್ತು. ಎರಡರ ಹತ್ತಿರವೂ ಇಲ್ಲ.

ಡಾಕ್ಟರಮ್ಮ ಫೋನ್ ಮಾಡಿದರು. ಮಾತ್ರೆ ತಪ್ಪಿದೆಯಾ? ಇಲ್ಲ. ಬೇರೆ ಔಷಧಿ? ಇಲ್ಲ. ಊಟದಲ್ಲಿ ಬದಲಾವಣೆ?

“ಏನಿಲ್ಲ ಡಾಕ್ಟ್ರೇ,” ಎಂದರು ಅಮ್ಮ. “ಸೊಪ್ಪು ಮಾತ್ರ.”

ಆಗ ಅವರು ಬಿಡಿಸಿ ಹೇಳಿದರು. ಕಡು ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ. ರಕ್ತ ಗಟ್ಟಿಯಾಗಲು ಅದು ಬೇಕು. ಅಣ್ಣ ನುಂಗುವ ಮಾತ್ರೆ ಮಾಡುವುದು ಸರಿಯಾಗಿ ಅದರ ಉಲ್ಟಾ ಕೆಲಸ. ಸೊಪ್ಪು ಇದ್ದಕ್ಕಿದ್ದಂತೆ ಹೆಚ್ಚಾದರೆ ಮಾತ್ರೆ ಸೋಲುತ್ತದೆ. ಬಿಡುಗಡೆಯಾಗುವಾಗ ಡಯಟಿಷಿಯನ್ ಇದನ್ನೆಲ್ಲ ಹೇಳಿದ್ದರಂತೆ. ನಮ್ಮವರು ತಲೆಯಾಡಿಸಿ ಬಂದಿದ್ದರು. ಸೊಪ್ಪು ಎಂದಾಗ ಅವರೆಲ್ಲ ಅಂಗಡಿಯ ಪಾಲಕ್ ಎಂದುಕೊಂಡರಂತೆ. ಹಿತ್ತಲಿನದ್ದೂ ಸೊಪ್ಪೇ ಎಂದು ಯಾರಿಗೂ ಹೊಳೆಯಲಿಲ್ಲ!

ಲಡ್ಡು, ಹರಿವೆ, ಕಲಿತದ್ದು ಎಲ್ಲಿ ಎಂಬ ಪ್ರಶ್ನೆ ಬಂದದ್ದು ಈ ಹಂತದಲ್ಲಿ. ಡಾಕ್ಟರಮ್ಮ ದೊಡ್ಡ ಮನಸ್ಸಿನವರು, ನಕ್ಕರು. “ಅಮ್ಮಾ, ಕಲಿತಿದ್ದು ಆಮೇಲೆ ಹೇಳ್ತೀನಿ. ಮೊದಲು ನಾಳೆನೇ ಮಂಗಳೂರಿಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ. ಆ ಗಡ್ಡೆ ಬೆಳೆದಿಲ್ಲ ಅಂತ ನಂಗೆ ಗೊತ್ತಾಗ್ಬೇಕು,” ಎಂದರು.

ಫೋನ್ ಇಟ್ಟ ಮೇಲೆ ಜಗಲಿಯಲ್ಲಿ ವಿಚಾರಣೆ ಕೂಡಿತು. ನ್ಯಾಯಾಧೀಶೆ ನಾನೇ. ಮೂಡುಬಿದಿರೆಯಿಂದ ವೇಣೂರು ದಾಟಿ, ಮಳೆಯಲ್ಲಿ ಬಸ್ಸಿನ ಕಿಟಕಿ ಸೋರಿ ಅರ್ಧ ಒದ್ದೆಯಾಗಿ ಬಂದಿದ್ದೆ. ಆ ಸಿಟ್ಟೂ ಇತ್ತು. ಯಾರು ಸೊಪ್ಪು ಕೊಟ್ಟದ್ದು?

“ನಾನು ಒಂಚೂರು ಬಸಳೆ ಮಾತ್ರ,” ಎಂದರು ಅಮ್ಮ.

“ಒಂದೆಲಗದ ತಂಬುಳಿ. ಅದೂ ಬರೀ ಒಂದು ಲೋಟ,” ಎಂದರು ಮಮತತ್ತಿಗೆ. ಅಣ್ಣನ ಹೆಂಡತಿ, ಈಗ ಬೇಕರಿ ನಡೆಸುವವರು.

ಪಕ್ಕದ ಮನೆಯ ಜೊಹರಾಳನ್ನು ಕರೆಸಿದೆವು. ನಮ್ಮೆರಡು ಮನೆಗಳ ನಡುವೆ ಗೋಡೆ ಇದೆ, ಗೋಡೆಯ ಮೇಲಿಂದ ಪಾತ್ರೆ ದಾಟಿಸುವ ಜಾಗವೂ ಇದೆ. ಅವಳು ತಲೆಯ ಶಾಲು ಸರಿಮಾಡಿಕೊಂಡು ಹೇಳಿದಳು: “ಹರಿವೆಗೆ ಒಣ ಸಿಗಡಿ ಹಾಕಿ ಮಾಡಿದ್ದೆ. ಸದಣ್ಣನಿಗೆ ಇಷ್ಟ ಅಲ್ವಾ? ಒಂದು ಸಣ್ಣ ಡಬ್ಬಿ. ಆರೋಗ್ಯಕ್ಕೆ ಒಳ್ಳೇದಲ್ವಾ ಅಂತ ದಿನಾ ಕಳಿಸಿದ್ದು.”

“ದಿನಾ?”

“ಸಣ್ಣ ಡಬ್ಬಿ ಅಂತ ಹೇಳಿದೆ ಅಲ್ವಾ?”

ಈಗ ಆರೋಪಿಯತ್ತ ತಿರುಗಿದೆ. ಅಣ್ಣ ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಬೇಕರಿಯಲ್ಲಿ ಆಟಿಯ ಸ್ಪೆಷಲ್ ಎಂದು ತಜಂಕಿನ ಅಂಬಡೆ ಕರಿಯುತ್ತಾರೆ. ಮಳೆ ಬಿದ್ದೊಡನೆ ಗುಡ್ಡದಲ್ಲಿ ಏಳುವ ಚಗತೆ ಸೊಪ್ಪಿನ ವಡೆ. ಅದು ದಿನಾ ಮನೆಗೆ ಬರುತ್ತಿತ್ತಂತೆ, ಯಜಮಾನರ ಮುಂದೆ ಕ್ವಾಲಿಟಿ ಚೆಕ್‌ಗಾಗಿ.

“ಕ್ವಾಲಿಟಿ ನೋಡ್ಲಿಕ್ಕೆ ಎಷ್ಟು ಅಂಬಡೆ ಬೇಕು?”

“ಒಂದು ತಿಂದ್ರೆ ಸರಿ ಗೊತ್ತಾಗುದಿಲ್ಲ ಮಾರಾಯ್ತಿ.”

ನಾನು ಸೊಂಟಕ್ಕೆ ಕೈಕೊಟ್ಟು ನಿಂತೆ. ಕಲಿತವರೂ ಹೀಗೆ ಮಾಡಿದರೆ ಹೇಗೆ, ಒಬ್ಬರಿಗಾದರೂ ಜವಾಬ್ದಾರಿ ಬೇಡವೇ, ಎಂದು ಶುರುಮಾಡಿದೆ. ಕಾಲೇಜಿನಲ್ಲಿ ಹಿಂದಿನ ಬೆಂಚಿಗೆ ಕೊಡುವ ಭಾಷಣ ಅದು. ಚೆನ್ನಾಗಿಯೇ ಹೋಗುತ್ತಿತ್ತು.

“ಮತ್ತೆ ನೀವು ತಂದ ಪತ್ರೊಡೆ?” ಎಂದರು ಮಮತತ್ತಿಗೆ.

ಪತ್ರೊಡೆ ಎಂದರೆ ಕೆಸುವಿನ ಎಲೆಗೆ ಅಕ್ಕಿಹಿಟ್ಟು ಸವರಿ, ಸುರುಳಿ ಸುತ್ತಿ ಬೇಯಿಸುವುದು. ಎಲೆಯ ಮೇಲೆ ಎಲೆ. ಕಾಲೇಜಿನ ಆಟಿಡೊಂಜಿ ದಿನದಲ್ಲಿ ಭಾಷಣ ಮಾಡಿದ್ದಕ್ಕೆ ಕಟ್ಟಿಕೊಟ್ಟದ್ದನ್ನು ನಾನೇ ಕಳೆದ ಭಾನುವಾರ ತಂದು, ಅಣ್ಣನ ತಟ್ಟೆಗೆ ನನ್ನ ಕೈಯಾರೆ ಬಡಿಸಿದ್ದೆ. ಬೆಲ್ಲ ಹಾಕಿದ್ದಾರೋ ಎಂದು ವಿಚಾರಿಸಿಯೇ ತಂದಿದ್ದೆ!

ಕೋರ್ಟು ಅಲ್ಲಿಗೆ ಬರ್ಖಾಸ್ತಾಯಿತು.

ನೋಡಿ, ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ಎಲ್ಲರೂ ಕೊಟ್ಟದ್ದು ಒಂಚೂರೇ. ನಮ್ಮಲ್ಲಿ ‘ಒಂಚೂರು’ ಎಂಬ ಅಳತೆ ಕೊಡುವವರ ಕೈಯಲ್ಲಿರುತ್ತದೆ. ತಿನ್ನುವವನ ಹೊಟ್ಟೆಯಲ್ಲಿ ಅದನ್ನು ಕೂಡಿಸಿ ನೋಡುವವರು ಯಾರು?

ಮರುದಿನ ಮಂಗಳೂರಿಗೆ ಹೊರಟೆವು. ಬಂಟ್ವಾಳ ದಾಟಿ ಬಿ.ಸಿ.ರೋಡಿಗೆ ಬಂದಾಗ ಟ್ರಾಫಿಕ್ ಜಾಮ್. ಅದೇನೂ ಸುದ್ದಿಯಲ್ಲ. ಹಾರನ್ನು, ಕೆಸರು, ಅಡ್ಡ ನುಗ್ಗುವ ಖಾಸಗಿ ಬಸ್ಸು. ಉಳಿದ ದಿನಗಳಲ್ಲಿ ಅಲ್ಲಿ ನಿಂತಾಗ ನಮ್ಮ ಮನೆಯವರು ಮುಗಿದುಹೋದ ಜಗಳಗಳನ್ನೆಲ್ಲ ಮತ್ತೊಮ್ಮೆ ಆಡುತ್ತೇವೆ. ಅವತ್ತು ಒಂದು ಜಗಳವೂ ಏಳಲಿಲ್ಲ. ಮುಂದಿನ ಸೀಟಿನಲ್ಲಿ ಅಣ್ಣ ಮಾಸ್ಕ್ ಹಾಕಿಕೊಂಡು, ಕೆಳಹೊಟ್ಟೆಯ ಬಲಭಾಗಕ್ಕೆ ಅಂಗೈ ಒತ್ತಿ ಕೂತಿದ್ದ. ಹೊಸ ಪ್ಯಾಂಕ್ರಿಯಾಸ್ ಇರುವುದು ಅಲ್ಲಿಯೇ.

ನನಗೆ ಭಯವಾಗಿತ್ತು. ಪತ್ರೊಡೆಯ ಜೋಕು ಎಲ್ಲೋ ಹಿಂದೆ ಉಳಿದಿತ್ತು. ಗಡ್ಡೆ ಬೆಳೆದಿದ್ದರೆ? ನಾಳ ಮುಚ್ಚಿಹೋಗಿದ್ದರೆ? ಮತ್ತೆ ಸೂಜಿ, ಮತ್ತೆ ಕಣ್ಣು ಕತ್ತಲೆ, ಮತ್ತೆ ಗಿರಾಕಿಗಳಿಗೆ ಬೆನ್ನು ಹಾಕಿ ನುಂಗುವ ಲಡ್ಡು. ಅದೂ ನಮ್ಮ ಪ್ರೀತಿಯ ದೆಸೆಯಿಂದ.

ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು. ಹೇಳಿದ್ದು ತುಳುವಿನಲ್ಲಿ, ಕನ್ನಡಕ್ಕೆ ತಂದರೆ ಅರ್ಧ ಭಾರ ಕಡಿಮೆಯಾಗುತ್ತದೆ: “ಆ ಹುಡುಗನ ಅಮ್ಮ ಅಷ್ಟು ದುಃಖದಲ್ಲಿಯೂ ಕೊಟ್ಟದ್ದು. ಅದನ್ನು ನಾವು ಬಸಳೆ ತಿನ್ಸಿ ಹಾಳು ಮಾಡುದಾ?”

ಅಣ್ಣ ತಿರುಗಿ ನೋಡಲಿಲ್ಲ. ಕೈ ಮಾತ್ರ ಹೊಟ್ಟೆಯ ಮೇಲೆ ಇನ್ನಷ್ಟು ಬಿಗಿಯಾಯಿತು.

ಸ್ಕ್ಯಾನ್ ಮುಗಿಯಿತು. ಗಡ್ಡೆ ಬೆಳೆದಿರಲಿಲ್ಲ. ರಕ್ತದ ಓಟ ಸರಿ ಇತ್ತು. ವರಾಂಡದಲ್ಲಿ ನಾನು ಅಪರಿಚಿತ ಮಹಿಳೆಯೊಬ್ಬರ ಕೈ ಹಿಡಿದು ಕುಲುಕಿದೆನಂತೆ, ನನಗೆ ನೆನಪಿಲ್ಲ. ಐಎನ್‌ಆರ್ ಮೇಲೆ ಬರುವ ತನಕ ಕೆಲವು ದಿನ ಹೊಟ್ಟೆಗೆ ರಕ್ತ ತೆಳುಮಾಡುವ ಇಂಜೆಕ್ಷನ್ ಚುಚ್ಚಿಕೊಳ್ಳಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ಸೂಜಿ ಬಿಟ್ಟವನ ಕೈಗೆ ಮತ್ತೆ ಸೂಜಿ. ಮನೆಗೆ ಬಂದು ಅಣ್ಣ ಹಳೆಯ ಅಭ್ಯಾಸದಲ್ಲಿ ಟಕ್ಕೆಂದು ಚುಚ್ಚಿಕೊಂಡ. ಅಮ್ಮ ಒಳಗೆ ಹೋಗಿ ಅತ್ತರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು ಎನ್ನುತ್ತೀರಾ? ನಮ್ಮವರ ವಿಷಯ ನಿಮಗೆ ಗೊತ್ತಿಲ್ಲ.

ಅಮ್ಮ ಅತ್ತು ಎದ್ದವರು ನೇರ ಹಿತ್ತಲಿಗೆ ನಡೆದರು. ಬಸಳೆಯ ಚಪ್ಪರವನ್ನು ಎಳೆದು ಕೆಡವಿದರು. ಹರಿವೆಯನ್ನು ಬುಡಸಮೇತ ಕಿತ್ತು ರಾಶಿ ಹಾಕಿದರು. ಒಂದೆಲಗದ ಬಳ್ಳಿ ಕಲ್ಲಿನ ಸಂದಿಯಲ್ಲಿ ಅಡಗಿತ್ತು, ಅದನ್ನೂ ಬಿಡಲಿಲ್ಲ. ಜೊಹರಾಳಿಗೆ ಆಜ್ಞೆ ಹೋಯಿತು. ಗೋಡೆಯ ಮೇಲಿಂದ ಇನ್ನು ಹಸಿರು ಬಣ್ಣದ್ದು ಏನೂ ದಾಟಕೂಡದು. ಅವಳು ಹೆದರಿ ಕಡಲೆ ಚಟ್ನಿಗೆ ಕೊತ್ತಂಬರಿ ಹಾಕುವುದನ್ನೂ ನಿಲ್ಲಿಸಿದಳು. ಸಾರಿನಲ್ಲಿದ್ದ ಕರಿಬೇವಿನ ಎಲೆಯನ್ನು ಅಮ್ಮ ಎಣಿಸಿ ಹೊರಗೆ ತೆಗೆಯುತ್ತಿದ್ದರು. ಅಣ್ಣನ ಹಸಿರು ಟೀಶರ್ಟ್ ಬಟ್ಟೆಯ ಹಗ್ಗದಿಂದ ಕಾಣೆಯಾದದ್ದು ಆಕಸ್ಮಿಕ ಎಂದು ಈಗಲೂ ಹೇಳುತ್ತಾರೆ.

ಮುಂದಿನ ವಾರ ಅಣ್ಣ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ. ಎಷ್ಟು ಉಗುಳಿದರೂ ನಿಲ್ಲದು. ಲ್ಯಾಬಿಗೆ ಓಡಿದರೆ ಐಎನ್‌ಆರ್ ಮೂರನ್ನು ದಾಟಿ ಎಲ್ಲೋ ಹೋಗಿದೆ.

ಮತ್ತೆ ಬೆಂಗಳೂರಿಗೆ ಫೋನ್. ಈ ಸಲ ಬೈದದ್ದು ಡಾಕ್ಟರಮ್ಮ. ಇಂಜೆಕ್ಷನ್ ಅಲ್ಲಿಗೇ ನಿಲ್ಲಿಸಿ, ಮಾತ್ರೆ ಎಷ್ಟು ತಗೊಳ್ಳಬೇಕೆಂದು ನಾನೇ ಹೇಳುತ್ತೇನೆ, ಎಂದರು. ಆಮೇಲೆ ಊಟದ ವಿಷಯಕ್ಕೆ ಬಂದರು.

“ಸೊಪ್ಪು ನಿಲ್ಲಿಸಿ ಅಂತ ನಾನು ಹೇಳಿದ್ನಾ?”

“ಅಪಾಯ ಅಂತ ಹೇಳಿದ್ರಲ್ಲ ಡಾಕ್ಟ್ರೇ, ಅದಕ್ಕೆ ಪೂರ್ತಿ ಬಿಟ್ಟದ್ದು.”

“ಅಮ್ಮಾ, ಮಾತ್ರೆ ಒಂದು ಕಡೆ ಎಳೀತಾ ಇರುತ್ತೆ, ಸೊಪ್ಪು ಇನ್ನೊಂದು ಕಡೆ ಎಳೀತಾ ಇರುತ್ತೆ. ನೀವು ದಿನಾ ಎಷ್ಟು ಎಳೀತೀರ ಅಂತ ಗೊತ್ತಿದ್ರೆ, ನಾನು ಈ ಕಡೆ ಅಷ್ಟೇ ಎಳೀತೀನಿ. ಒಂದು ವಾರ ಹಗ್ಗ ಜಗ್ಗಿ, ಇನ್ನೊಂದು ವಾರ ಕೈಬಿಟ್ರೆ ಮಧ್ಯದಲ್ಲಿರೋರು ಬೀಳ್ತಾರಲ್ವಾ? ಸ್ವಲ್ಪ ಕೊಡಿ. ಆದ್ರೆ ದಿನಾ ಒಂದೇ ಅಳತೆ.”

ದಿನಾ ಒಂದೇ ಅಳತೆ!

ಓದುಗರೇ, ಇದಕ್ಕಿಂತ ಕಷ್ಟದ ಪಥ್ಯವನ್ನು ನೀವು ಕೇಳಿದ್ದೀರಾ? ನಮ್ಮವರಿಗೆ ಗೊತ್ತಿರುವುದು ಎರಡೇ ಅಳತೆ. ಉಪವಾಸ, ಇಲ್ಲವೇ ಔತಣ. ವರ್ಷವಿಡೀ ಪುಸ್ತಕ ಮುಟ್ಟದ ನನ್ನ ವಿದ್ಯಾರ್ಥಿಗಳು ಪರೀಕ್ಷೆಯ ಮುಂಚಿನ ದಿನ ಊಟ ಬಿಟ್ಟು ಓದುತ್ತಾರೆ. ವಾಕಿಂಗಿಗೆಂದು ಹೊಸ ಶೂ ಕೊಂಡ ಗಂಡಸರು ಮೊದಲ ದಿನ ಊರು ಸುತ್ತಿ ಬರುತ್ತಾರೆ. ಮರುದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಶೂ ಆಮೇಲೆ ಬೆಕ್ಕಿನ ಮರಿಗಳಿಗೆ ಮನೆ. ನೆಂಟರು ವರ್ಷಗಟ್ಟಲೆ ಫೋನ್ ಮಾಡುವುದಿಲ್ಲ. ಆಸ್ಪತ್ರೆ ಸೇರಿದ್ದು ಗೊತ್ತಾದರೆ ಜೀಪು ಮಾಡಿಕೊಂಡು ಬಂದು ಹಾಸಿಗೆಯ ಸುತ್ತ ಕೂರುತ್ತಾರೆ. (ಏಳಿ, ನಡೆಯಿರಿ ಎಂದು ಡಾಕ್ಟರು ಹೇಳಿದ ರೋಗಿ ಅವರ ನಡುವೆ ಏಳುವುದಾದರೂ ಹೇಗೆ?) ನಡುವಿನ ಅಳತೆ ನಮಗೆ ಚಪ್ಪೆ. ಅದರಲ್ಲಿ ಪ್ರೀತಿಯೂ ಕಾಣುವುದಿಲ್ಲ, ಸಿಟ್ಟೂ ಕಾಣುವುದಿಲ್ಲ. ಆದರೆ ಅಣ್ಣನ ಹೊಟ್ಟೆಯೊಳಗಿನ ಆ ನಿಧಾನದ ನಾಳಕ್ಕೆ ಬೇಕಾದದ್ದು ಆ ಚಪ್ಪೆಯೇ.

ಅಮ್ಮ ಎರಡು ದಿನ ಯೋಚಿಸಿದರು. ಮೂರನೇ ದಿನ ಅಡುಗೆಮನೆಯ ಸೌಟುಗಳನ್ನೆಲ್ಲ ಸಾಲಾಗಿ ಇಟ್ಟು, ಒಂದನ್ನು ಆರಿಸಿದರು. ನಡು ಗಾತ್ರದ್ದು, ಹಿಡಿ ಸ್ವಲ್ಪ ಸೊಟ್ಟಗಾದದ್ದು. ದಿನಕ್ಕೆ ಒಂದು ಸೌಟು ಸೊಪ್ಪಿನ ಪಲ್ಯ. ಮಧ್ಯಾಹ್ನ. ಅಷ್ಟೇ. ಬೇರೆ ಯಾರೂ ಬಡಿಸುವಂತಿಲ್ಲ. ಕಿತ್ತೆಸೆದ ಹರಿವೆಯನ್ನು ಈಗ ಮಾರ್ಕೆಟಿನಿಂದ ತರಬೇಕಾಯಿತು. ಜೊಹರಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು.

ಐಎನ್‌ಆರ್ ಎರಡರ ಮೇಲೆ, ಮೂರರ ಕೆಳಗೆ ಬಂದು ಕೂತಿತು. ಮರುವಾರವೂ ಅಲ್ಲೇ.

ಅಷ್ಟರಲ್ಲಿ ಬಂತು ಆಟಿ ಅಮಾವಾಸ್ಯೆ. ಆ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆ ಜಜ್ಜಿ ತಂದು ಕಷಾಯ ಮಾಡಿ ಎಲ್ಲರೂ ಕುಡಿಯಬೇಕು. ಕಹಿಯೆಂದರೆ ಕಹಿ. ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಈಗ ಮರ ಹುಡುಕುವ ಕಷ್ಟ ಇಲ್ಲ, ಕ್ಲಬ್ಬಿನವರೇ ಬಾಟಲಿಯಲ್ಲಿ ತುಂಬಿಸಿ ಮನೆಗೆ ತಲುಪಿಸುತ್ತಾರೆ. ಅಣ್ಣನ ಮೇಲೆ ಎಲ್ಲರಿಗೂ ಪ್ರೀತಿ ಜಾಸ್ತಿ. ಬೆಳಿಗ್ಗೆ ಎದ್ದು ನೋಡಿದರೆ ಜಗಲಿಯ ಮೇಲೆ ಬಾಟಲಿಗಳ ಸಾಲು.

ಡಾಕ್ಟರಮ್ಮ ಮೊದಲೇ ಹೇಳಿದ್ದರು. ಈ ಕಷಾಯ ಅವನ ಮಾತ್ರೆಗಳ ಜತೆ ಸೇರಿ ಏನು ಮಾಡುತ್ತದೆ ಎಂದು ತಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅವನ ಮೇಲೆ ಪ್ರಯೋಗ ಮಾಡಬೇಡಿ ಎಂದು. ಅಮ್ಮ ಹುಟ್ಟಿದಾಗಿನಿಂದ ಒಂದು ವರ್ಷವೂ ಬಿಡದ ಕಷಾಯ ಅದು. ಏನು ಮಾಡುತ್ತಾರೋ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಅಮ್ಮ ಒಂದು ಬಾಟಲಿ ತೆರೆದರು. ತಾವು ಕುಡಿದರು. ನನಗೆ ಕುಡಿಸಿದರು. ಅತ್ತಿಗೆಗೆ ಕುಡಿಸಿದರು. ಅಣ್ಣ ಕೈ ಚಾಚಿದ.

“ನಿಂದು ನಾನು ಕುಡಿದಾಯ್ತು,” ಎಂದು ಅಮ್ಮ ಇನ್ನೊಂದು ಲೋಟ ಎತ್ತಿ ಗಟಗಟನೆ ಮುಗಿಸಿ ಮುಖ ಸಿಂಡರಿಸಿದರು.

ಮಧ್ಯಾಹ್ನ ಊಟಕ್ಕೆ ಕೂತೆವು. ಹೊರಗೆ ಮಳೆ. ಹರಿವೆಯ ಪಲ್ಯಕ್ಕೆ ಅಮ್ಮ ಅವತ್ತು ಹಲಸಿನ ಬೀಜ ಹಾಕಿದ್ದರು, ತೆಂಗಿನಕಾಯಿ ಧಾರಾಳ. ಆ ಪರಿಮಳಕ್ಕೆ ನನಗೇ ಬಾಯಲ್ಲಿ ನೀರೂರಿತು. ಸೊಟ್ಟ ಹಿಡಿಯ ಸೌಟಿನಲ್ಲಿ ಅಣ್ಣನ ತಟ್ಟೆಗೆ ಒಂದು ಸಲ ಬಡಿಸಿದರು. ಅವನು ನಾಲ್ಕು ತುತ್ತಿನಲ್ಲಿ ಅದನ್ನು ಮುಗಿಸಿ, ತಟ್ಟೆ ಮುಂದೆ ಮಾಡಿದ. ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆಯೇ, ತಲೆ ಸ್ವಲ್ಪ ವಾಲಿಸಿ.

“ಒಂಚೂರು ಅಮ್ಮ. ಇವತ್ತು ಅಮಾಸೆ ಅಲ್ವಾ?”

ಅಮ್ಮನ ಕೈ ತಾನಾಗಿಯೇ ಪಾತ್ರೆಗೆ ಇಳಿಯಿತು. ಸೌಟು ತುಂಬಿತು. ಪಾತ್ರೆಯ ಬಾಯಿಯವರೆಗೆ ಬಂದು ನಿಂತಿತು. ಅಣ್ಣನ ತಟ್ಟೆ ಗಾಳಿಯಲ್ಲೇ ಇತ್ತು.

“ಸಾಕು,” ಎಂದರು ಅಮ್ಮ.

ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಸೌಟು ಕೈಯಲ್ಲಿರುವಾಗ ಮಗನಿಗೆ ‘ಸಾಕು’ ಎಂದ ಅಮ್ಮನನ್ನು ನೀವು ಯಾವತ್ತಾದರೂ ನೋಡಿದ್ದೀರಾ?